ಚೌಕದ ಮೆಟ್ಟಿಲು

ಹೊಸದಾಗಿ ಕಲ್ಲು ಹಾಸಿದ ಚೌಕದ ನಡುವೆ ಬಂದ ಅಂಚೆಯವನು, ಏನೂ ಇಲ್ಲದ ಕಡೆ ಕಾಲೆತ್ತಿ ಹಾಕಿದ. ಎತ್ತಿದ ಕಾಲು ಅಂದುಕೊಂಡದ್ದಕ್ಕಿಂತ ಕೆಳಗೆ ಹೋಗಿ ಮುಗ್ಗರಿಸಿದ. ಕಲ್ಲುಗಳ ಸಂದಿಗೆ ಮರಳು ತುಂಬುತ್ತಿದ್ದ ಮೇಸ್ತ್ರಿ ನಕ್ಕ.

“ನಿಮ್ಮ ಕಾಲಿಗಿನ್ನೂ ಸುದ್ದಿ ಮುಟ್ಟಿಲ್ಲ ಅಂತ ಕಾಣುತ್ತೆ ಸ್ವಾಮಿ. ಊರಿಗೆಲ್ಲ ಕಾಗದ ಹಂಚ್ತೀರಿ, ಅದಕ್ಕೂ ಒಂದು ಹಾಕಿ.”

ಹುಟ್ಟಿದಾಗಿನಿಂದ ಹತ್ತಿ ಇಳಿದ ಮೆಟ್ಟಿಲು ಅಷ್ಟು ಬೇಗ ಮರೆತುಹೋಗುತ್ತದೆಯೇ ಎಂದು ಗೊಣಗಿಕೊಂಡು ಅಂಚೆಯವನು ಮುಂದೆ ಹೋದ.

ಎದುರಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು ಮಷಿನ್ ನಿಲ್ಲಿಸಿ ಇದನ್ನು ಕೇಳಿಸಿಕೊಂಡಳು. ತಲೆಯೆತ್ತಿ ನೋಡುವ ಅಗತ್ಯವೇ ಇರಲಿಲ್ಲ. ಚೌಕ ದಾಟುವವರ ಹೆಜ್ಜೆ ಒಂದೇ ಲಯದಲ್ಲಿ ಬಂದು, ಆ ಜಾಗದಲ್ಲಿ ಒಂದು ಉಸಿರಿನಷ್ಟು ತಡೆದು, ಆಮೇಲೆ ಮುಂದುವರಿಯುತ್ತಿತ್ತು. ಎಲ್ಲರದೂ ಹಾಗೆಯೇ. ಅವಳ ದೊಡ್ಡ ಮಗಳು ಬಿದ್ದದ್ದು ಅಲ್ಲಿಯೇ. ಚೌಕದ ಮೇಲಿನ ಅರ್ಧದಲ್ಲಿ ಆಡುತ್ತಿದ್ದ ಕೂಸು, ಅಂಗಡಿಯ ಬಾಗಿಲಲ್ಲಿ ಅಮ್ಮನನ್ನು ಕಂಡು ಎರಡೂ ಕೈ ಚಾಚಿಕೊಂಡು ಓಡಿಬಂದಿತ್ತು. ನಡುವಿನ ಮೆಟ್ಟಿಲನ್ನು ನೋಡಲಿಲ್ಲ. ಬಿದ್ದದ್ದು ಮತ್ತೆ ಏಳಲಿಲ್ಲ.

ಸರ್ಕಾರದ ದುಡ್ಡಿನಲ್ಲಿ ಬೀದಿ, ಚೌಕಗಳನ್ನೆಲ್ಲ ಹೊಸದು ಮಾಡುತ್ತಾರೆಂದು ಗೊತ್ತಾದಾಗ, ಸಭೆಯಲ್ಲಿ ಒಬ್ಬರು ನೆರಳಿಗೆ ಮರ ಕೇಳಿದರು, ಇನ್ನೊಬ್ಬರು ದೀಪ ಕೇಳಿದರು, ವಯಸ್ಸಾದವರು ಕೂರಲು ಬೆಂಚು ಕೇಳಿದರು. ಇವಳು ಕೇಳಿದ್ದು ಮೇಲಿನ ಅರ್ಧವನ್ನು ತಗ್ಗಿಸಿ ಚೌಕವನ್ನೆಲ್ಲ ಒಂದೇ ಮಟ್ಟ ಮಾಡಿಕೊಡಿ ಎಂದು. ಯಾರೂ ಬೇಡವೆನ್ನಲಿಲ್ಲ. ಕಿತ್ತ ಮೆಟ್ಟಿಲುಗಲ್ಲನ್ನು ಮೇಸ್ತ್ರಿ ಅವಳ ಕಣ್ಣೆದುರೇ ಸುತ್ತಿಗೆಯಿಂದ ಒಡೆದು ಚೂರು ಮಾಡಿದ್ದ. ದೊಡ್ಡವಳು ಹೋದ ಮೇಲೆ ಹುಟ್ಟಿದ ಚಿಕ್ಕವಳನ್ನು ಅವಳು ಚೌಕದಲ್ಲಿ ಒಂದು ದಿನವೂ ಸೊಂಟದಿಂದ ಇಳಿಸಿರಲಿಲ್ಲ. ಆ ಮಗು ನಡೆಯಲು ಕಲಿತದ್ದು ಮಷಿನ್ನಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ.

ಈಗ ಅದನ್ನೆತ್ತಿಕೊಂಡು ಹೊರಗೆ ಬಂದಳು. “ಇವತ್ತು ಬಿಡಬಹುದಾ?”

ಮೇಸ್ತ್ರಿ ರಸಮಟ್ಟ ತಂದು ಅದೇ ಜಾಗದಲ್ಲಿಟ್ಟ. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಿತು. “ನೋಡಮ್ಮ, ಒಂದು ಕೂದಲೆಳೆಯಷ್ಟೂ ಏರಿಲ್ಲ. ದೇವರ ಹೆಸರು ಹೇಳಿ ಬಿಡು.”

ಅವಳು ತುಟಿಯಲ್ಲೇ ಏನೋ ಹೇಳಿಕೊಂಡು ಮಗುವನ್ನು ಇಳಿಸಿದಳು.

ಬಿಸಿಲಿಗೆ ಬೆಚ್ಚಗಾದ ಕಲ್ಲಿನ ಮೇಲೆ ಅಂಗಾಲು ಬಡಿಯುತ್ತ, ಓಲಾಡುತ್ತ ಮಗು ಹೊರಟಿತು. ಪಟಪಟ ಸದ್ದು ಆ ಜಾಗಕ್ಕೆ ಬಂದು ಒಂದು ಉಸಿರಿನಷ್ಟು ತಡೆಯಿತು. ಎಂದೂ ಆ ಮೆಟ್ಟಿಲನ್ನು ತುಳಿಯದ ಮಗು, ಮೊಣಕಾಲಿನ ಮೇಲೆ ಕೈಯೂರಿ ಒಂದು ಕಾಲನ್ನು ಎತ್ತಿಟ್ಟಿತು. ಇನ್ನೊಂದನ್ನೂ ಎತ್ತಿಟ್ಟಿತು. ಮುಗ್ಗರಿಸಲಿಲ್ಲ. ಅಲ್ಲಿಂದ ಮುಂದೆ ಅದು ನಡೆಯುತ್ತಲೇ ಇತ್ತು, ಹೆಜ್ಜೆಯ ಸದ್ದು ಮಾತ್ರ ಕೇಳಿಸಲಿಲ್ಲ. ಅದರ ನೆರಳು ಪಾದಕ್ಕೆ ತಾಗದೆ, ಒಂದು ಗೇಣು ಆಚೆ ಕಲ್ಲಿನ ಮೇಲೆ ಒಂಟಿಯಾಗಿ ಸರಿಯುತ್ತಿತ್ತು.

ಮೇಸ್ತ್ರಿಯ ಮುಷ್ಟಿಯಿಂದ ಮರಳು ಸೋರಿತು. “ಅಮ್ಮಾ, ನಾನೇ ಅಗೆದು ತೆಗೆದದ್ದು…” ಎಂದ.

ಅವಳಿಗೆ ಅದು ಕೇಳಿಸಲಿಲ್ಲ. ದೂರದಲ್ಲಿ ಮಗು ತಿರುಗಿ, ಅಮ್ಮನನ್ನು ಕಂಡು ನಕ್ಕು, ಎರಡೂ ಕೈ ಚಾಚಿತು. ಅವಳು ಮೆಟ್ಟಿಲಿದ್ದ ಜಾಗಕ್ಕೆ ಓಡಿಹೋಗಿ ಸಮತಟ್ಟು ಕಲ್ಲಿನ ಮೇಲೆ ಮಂಡಿಯೂರಿದಳು. ಮಗು ಬೆಚ್ಚದಂತೆ, ಬಹಳ ಮೆಲ್ಲಗೆ ಹೇಳಿದಳು:

“ಓಡಬೇಡ ಕಂದಾ. ಇಲ್ಲಿ ಮೆಟ್ಟಿಲಿದೆ, ನೋಡಿಕೊಂಡು ಇಳಿ.”