ಗೋಡೆ ಕಡೆಯ ಬಲ್ಬು

ಇನ್‌ವರ್ಟರಿನ ವೈರು ಬಿಗಿದು ಮುಗಿದ ಮೇಲೆ ರಾಯಣ್ಣನ ಕೈಯಲ್ಲಿ ಒಂದು ಬಲ್ಬು ಉಳಿಯಿತು. ಅದನ್ನು ಅವನು ಅಡುಗೆಮನೆಗೆ ಹಾಕಲಿಲ್ಲ, ಬಚ್ಚಲಿಗೂ ಹಾಕಲಿಲ್ಲ. ಅಂಗಳದ ಕಂಬಕ್ಕೆ, ಚಿಕ್ಕಪ್ಪ ಹೊನ್ನೂರುಸ್ವಾಮಿಯ ಮನೆಯ ಕಡೆ ಮುಖ ಮಾಡಿ ಸಿಕ್ಕಿಸಿದ. ಎರಡು ಮನೆಗೂ ನಡುವೆ ಆಳೆತ್ತರದ ಗೋಡೆ.

"ಆ ಕಡಿಗ್ಯಾಕಲೇ?" ಎಂದ ಅವನ ಅಪ್ಪ ವಿರುಪಾಕ್ಷಪ್ಪ.

"ನೋಡ್ಲಿ ಅಂತ. ನೋಡಿ ಹೊಟ್ಟಿ ಉರ್ಕೊಳ್ಳಲಿ."

ಅದಕ್ಕೆಂದೇ ತಂದದ್ದು. ಕಾಲುವೆ ಪಕ್ಕದ ಗದ್ದೆ ಚಿಕ್ಕಪ್ಪನ ಪಾಲಿಗೆ ಹೋದ ವರ್ಷವೇ ರಾಯಣ್ಣ ಶಾಲೆ ಬಿಟ್ಟಿದ್ದ. ಕಬ್ಬು ಕಡಿದ, ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತ, ಈಗ ಹೊಸಪೇಟೆಯ ಬ್ಯಾಟರಿ ಅಂಗಡಿಯಲ್ಲಿ ಆಸಿಡ್ಡಿಗೆ ಕೈ ಸುಟ್ಟುಕೊಂಡು ದುಡಿಯುತ್ತಾನೆ. ಈ ಬ್ಯಾಟರಿಯನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು, ಕಂಪ್ಲಿ ಬಸ್ಸಿನ ಕಂಡಕ್ಟರನಿಂದ ದಾರಿಯುದ್ದಕ್ಕೂ ಬೈಸಿಕೊಂಡು ಬಂದಿದ್ದ.

ಅಪ್ಪನಿಗೆ ಮಾತ್ರ ಇದು ಬೇಕಿರಲಿಲ್ಲ. ಬೇಸಿಗೆಯ ಗಾಳಿ ಎದ್ದಿತೆಂದರೆ ಕರೆಂಟು ಹೋಗುವುದು ಖಾತ್ರಿ; ಅದಕ್ಕೆ ಏನೇನು ಮಾಡಬೇಕೋ ಅದು ಅವನ ಕೈಗೇ ಗೊತ್ತಿತ್ತು. ಡ್ರಮ್ಮು ತುಂಬಿಸಿದ್ದ, ಕಡ್ಡಿಪೆಟ್ಟಿಗೆಯನ್ನು ಕಿಟಕಿಗೆ ತಂದಿಟ್ಟಿದ್ದ, ರೇಷನ್ ಸೀಮೆಎಣ್ಣೆ ನಿಂತು ಯಾವ ಕಾಲವಾದರೂ ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸಿದ್ದ. ಕರೆಂಟು ಹೋದರೆ ಹೋಗಲಿ, ಅದೇನು ತಿರುಗಿ ಬರದೇ ಇರುತ್ತದೆಯೇ ಎಂದು ಮಧ್ಯಾಹ್ನದಿಂದ ಗೊಣಗುತ್ತಲೇ ಇದ್ದ.

ಯಾಕೆ ಗೊಣಗುತ್ತಾನೆಂದು ರಾಯಣ್ಣನಿಗೆ ಗೊತ್ತಿತ್ತು. ಗೋಡೆ ಎದ್ದಂದಿನಿಂದ ಅಣ್ಣತಮ್ಮಂದಿರು ಮಾತಾಡಿದವರಲ್ಲ. ಸಾವಿಗೂ ಇಲ್ಲ, ಮದುವೆಗೂ ಇಲ್ಲ. ಆದರೆ ಕರೆಂಟು ಹೋದ ಕೂಡಲೇ ಅಪ್ಪ ಅಂಗಳಕ್ಕೆ ಬಂದು ಆಕಾಶ ನೋಡುತ್ತ, "ನಮ್ಮದಷ್ಟ ಹೋಗೈತೋ, ಎಲ್ಲಾರದೂ ಹೋಗೈತೋ" ಎನ್ನುತ್ತಿದ್ದ. ಗೋಡೆಯ ಆಚೆಯಿಂದ ಚಿಕ್ಕಪ್ಪನೂ ಆಕಾಶಕ್ಕೇ ಉತ್ತರ ಕೊಡುತ್ತಿದ್ದ: "ಎಲ್ಲಾರದೂ." ಒಂದೊಂದು ದಿನ ಇನ್ನೊಂದು ಮಾತು ಹೆಚ್ಚಾಗುತ್ತಿತ್ತು, ಲೈನಿನ ಮೇಲೆ ಮರ ಬಿದ್ದಿದೆ ಎಂದೋ, ಗಾಳಿ ನಿಂತ ಮೇಲೆ ಕೊಡುತ್ತಾರೆ ಎಂದೋ. ಅಷ್ಟು ಕೇಳಿಸಿಕೊಂಡು ಅಪ್ಪ ಹೊಟ್ಟೆ ತುಂಬಿದವನ ಹಾಗೆ ಒಳಗೆ ಬರುತ್ತಿದ್ದ. ರಾಯಣ್ಣನಿಗೆ ಮೈ ಉರಿಯುತ್ತಿತ್ತು. ಗದ್ದೆ ನುಂಗಿದವನ ಹತ್ತಿರ ಕತ್ತಲಲ್ಲಿ ಎಂಥ ಮಾತು?

ಗೋಡೆ ಇಲ್ಲದ ಕಾಲವೂ ಇತ್ತು, ಅದೂ ಅವನಿಗೆ ಚೆನ್ನಾಗಿಯೇ ನೆನಪಿತ್ತು. ಕರೆಂಟು ಹೋದರೆ ಮನೆಮಂದಿಯೆಲ್ಲ ಅಂಗಳದಲ್ಲಿ. ಅಜ್ಜಿ ಉಚ್ಚೆಂಗಮ್ಮ ಕತ್ತಲಲ್ಲೇ ಒಂದೊಂದು ತಲೆ ಮುಟ್ಟಿ ಮುಟ್ಟಿ ಮುದ್ದೆ ಬಡಿಸುವಳು. ಯಾರೋ ಒಬ್ಬ ಕಳ್ಳ ಜಾಗ ಬದಲಿಸಿ ಎರಡು ಸಲ ತಲೆ ಕೊಡುವನು. ಚಿಕ್ಕಪ್ಪ ರಾಯಣ್ಣನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾಳಿಗೆ ಹತ್ತುವನು. "ಹೊಳಿ ಆಚಿಗೆ ದೀಪ ಅದಾವೇನು ನೋಡಲೇ, ರಾಯ." ಹೊಳೆಯ ಆಚೆ ಬೇರೆ ಲೈನು. ಅಲ್ಲಿ ದೀಪಗಳಿದ್ದರೆ ಇಬ್ಬರೂ ಸೇರಿ ಆ ಊರಿನವರನ್ನು ಬಾಯಿ ತುಂಬ ಬೈಯುವರು. ಆ ಹೆಗಲು ನೆನಪಾದಾಗಲೇ ರಾಯಣ್ಣನ ಸಿಟ್ಟು ಇನ್ನೂ ಏರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಗಾಳಿ ಎದ್ದಿತು. ಹಿಂದೆಯೇ ದಪ್ಪ ಹನಿ. ಮಳೆಯ ಮರೆಗೆ ಓಣಿಯ ಉಳಿದ ಮನೆಗಳು ಕಾಣದಾದವು; ಕೊನೆಯ ಈ ಎರಡು ಮನೆಗಳಲ್ಲಿ ಒಂದು ಕಪ್ಪಾಯಿತು. ಕಂಬದ ಬಲ್ಬು ಕಣ್ಣು ಸಹ ಮಿಟುಕಿಸಲಿಲ್ಲ.

ರೂಢಿಯಂತೆ ಅಪ್ಪ ಅಂಗಳಕ್ಕೆ ಬಂದ. ಆಕಾಶ ನೋಡಿದ, ಬಾಯಿ ತೆರೆದ. ತಲೆಯ ಮೇಲೆ ಅಷ್ಟು ಬೆಳಕು ಇಟ್ಟುಕೊಂಡು ಏನೆಂದು ಕೇಳುವುದು? ಬಾಯಿ ಮುಚ್ಚಿಕೊಂಡು ನಿಂತ. ಆಚೆಯಿಂದಲೂ ಸದ್ದಿಲ್ಲ. ಗೆದ್ದೆ ಅಂದುಕೊಂಡ ರಾಯಣ್ಣ. ಗೆದ್ದ ರುಚಿ ಮಾತ್ರ ನಾಲಿಗೆಗೆ ಹತ್ತಲಿಲ್ಲ.

ಅಷ್ಟರಲ್ಲಿ ಆಚೆ ಏಣಿ ಎಳೆದ ಸದ್ದು. ಬಲ್ಬಿನ ಬೆಳಕು ಚಿಕ್ಕಪ್ಪನ ಮಾಳಿಗೆಯ ತನಕ ಚೆಲ್ಲಿತ್ತು. ಅಲ್ಲಿ ಹೊನ್ನೂರುಸ್ವಾಮಿ, ಬರಿಗಾಲಲ್ಲಿ, ತೊಯ್ದ ಬಿದಿರುಗೋಲು ಹಿಡಿದು ಓಣಿಯ ಕರೆಂಟು ಕಂಬದಿಂದ ಮನೆಗೆ ಬಂದ ವೈರನ್ನು ತಿವಿಯಲು ಹೊರಟಿದ್ದ. ರಾಯಣ್ಣನಿಗೆ ಒಮ್ಮೆಲೇ ತಿಳಿಯಿತು. ಅಣ್ಣನ ಮನೆಯಲ್ಲಿ ದೀಪ ಇದೆ, ತನ್ನಲ್ಲಿ ಇಲ್ಲ. ಹಾಗಾದರೆ ತನ್ನ ವೈರೇ ಸಡಿಲಾಗಿದೆ ಅಂದುಕೊಂಡಿದ್ದಾನೆ. ಓಣಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಕರೆಂಟು ಯಾವ ಗಳಿಗೆಯಲ್ಲಾದರೂ ತಿರುಗಿ ಬರಬಹುದು. ತೊಯ್ದ ಕೋಲು, ತೊಯ್ದ ಕಾಲು.

ಕೂಗಬೇಕು. ಆದರೆ ಚಿಕ್ಕಪ್ಪನನ್ನು ಸಣ್ಣಪ್ಪ ಎಂದು ಕರೆದು ಯಾವ ಕಾಲವಾಗಿತ್ತೋ, ಆ ಮಾತು ಬಾಯಿಗೆ ಬರಲಿಲ್ಲ.

"ಹೊನ್ನೂರಾ, ಕೋಲು ಬಿಡು," ಎಂದು ಅಪ್ಪನ ದನಿ ಎದ್ದಿತು, ಆಕಾಶಕ್ಕಲ್ಲ. "ಎಲ್ಲಾರದೂ ಹೋಗೈತಿ. ಇದು ಬ್ಯಾಟ್ರಿ."

ಕೋಲು ಮಾಳಿಗೆಯಿಂದ ಉರುಳಿ ಕೆಳಗೆ ಬಿತ್ತು. ಆಮೇಲೆ ಏಣಿ ಕಿರುಗುಟ್ಟಿತು, ಹೆಜ್ಜೆಗಳು ಗೋಡೆಯ ಬುಡಕ್ಕೆ ಬಂದು ನಿಂತವು.

"ಬ್ಯಾಟ್ರಿ ತಂದೀವಿ ಅಂತ ಮೊದ್ಲ ಒಂದು ಮಾತು ಹೇಳಾಕ ಏನಾಗಿತ್ತು ನಿನಗ?"

"ಈಗ ಹೇಳಿದ್ನಲ್ಲ."

ಆಚೆ ಗಂಟಲು ಸರಿಮಾಡಿಕೊಂಡ ಸದ್ದು. "ನಮ್ಮಾಕಿ ಲಲಿತಾ ಕತ್ತಲ್ದಾಗ ರೊಟ್ಟಿ ಬಡಿಯಾಕತ್ತಾಳ. ಒಂದು ಬಲ್ಬಿಗೆ ಆಗೋವಷ್ಟು ವೈರ್ ಈ ಕಡಿಗೆ ಒಗಿಯಾಕ ಹೇಳು ನಿನ್ನ ಮಗಗ."

ಅಪ್ಪ ಮಗನ ಮುಖ ನೋಡಿದ. ರಾಯಣ್ಣ ಹಲ್ಲು ಕಚ್ಚಿದ. ಮೂಲೆಯಲ್ಲಿ ಉಳಿದಿದ್ದ ವೈರಿನ ಸುರುಳಿ ತಂದ, ಒಂದು ತುದಿಯನ್ನು ಕಂಬದ ಬಲ್ಬಿನ ಹೋಲ್ಡರಿಗೆ ಸೇರಿಸಲು ಸ್ಟೂಲು ಹತ್ತಿದ.

"ಮೊದ್ಲ ನಮ್ಮದು ಆರಿಸಲೇ," ಎಂದ ಅಪ್ಪ. "ಅವನ ಕೈ ಒದ್ದಿ ಐತಿ."

ರಾಯಣ್ಣ ಇಳಿದು ಒಳಗೆ ಹೋಗಿ ಸ್ವಿಚ್ಚು ಆರಿಸಿದ. ಗೋಡೆಯ ಎರಡೂ ಕಡೆ ಒಂದೇ ಕತ್ತಲಾಯಿತು. ಆ ಕತ್ತಲಲ್ಲಿ ಅಪ್ಪ ವೈರಿನ ಇನ್ನೊಂದು ತುದಿಯನ್ನು ಗೋಡೆಯ ಮೇಲಿನಿಂದ ಇಳಿಬಿಡುತ್ತ ಕೇಳುತ್ತಿದ್ದ:

"ಸಿಕ್ತೇನು, ತಮ್ಮಾ?"