ಹಸಿದ ಕಪ್ಪೆಯ ಕಾವಲು

ಹುಬ್ಬಳ್ಳಿಯ ನೆಲಮಾಳಿಗೆಗಳಲ್ಲಿ ಮೋರಿಗೊಂದು ಕಪ್ಪೆ ಇರುವುದು ಬಾಗಿಲಿಗೊಂದು ಚಿಲಕ ಇದ್ದಷ್ಟೇ ಸಹಜ. ಜೋರು ಮಳೆಗೆ ಗಟಾರದ ನೀರು ಹಿಂದಕ್ಕೆ ನುಗ್ಗಿದರೆ ಕಪ್ಪೆ ಉಬ್ಬಿ ಕೊಳವೆ ಮುಚ್ಚುತ್ತದೆ. ಆದರೆ ಹಸಿದಿರಬೇಕು, ಹೊಟ್ಟೆ ತುಂಬಿದ ಕಪ್ಪೆ ಮಲಗಿಬಿಡುತ್ತದೆ.

ಅಮಾವಾಸ್ಯೆಯ ಮಧ್ಯಾಹ್ನ ಮೋಡ ಕವಿದಾಗ ದರ್ಜಿ ನೀಲವ್ವನ ಕಪ್ಪೆ ಗೊರಕೆ ಹೊಡೆಯುತ್ತಿತ್ತು. ಅವಳ ನೆಲಮಾಳಿಗೆಯ ಅಂಗಡಿಯಲ್ಲಿ ನೆಲದ ಮೇಲೆ ಮದುವೆ ಮನೆಯವರ ರೇಷ್ಮೆ ಬಟ್ಟೆಯ ಗಂಟುಗಳಿದ್ದವು. ಅವಳ ಸಂಶಯವೆಲ್ಲ ಪಕ್ಕದ ಗೋದಾಮಿನ ಈರಬಸಪ್ಪನ ಮೇಲೆ. ಗಟಾರದ ನೀರೆಲ್ಲ ಇವಳ ಅಂಗಡಿಗೇ ನುಗ್ಗಿದರೆ ಅವನ ಶೇಂಗಾ ಚೀಲಗಳು ಉಳಿಯುತ್ತವಲ್ಲ! ನಿನ್ನೆಯಿಂದ ಅವನು ಸುಮ್ಮಸುಮ್ಮನೆ ನಗುತ್ತಲೂ ಇದ್ದ.

ಅವನನ್ನು ಎಳೆದು ತಂದು ಕೊರಳಪಟ್ಟಿ ಹಿಡಿದಳು. "ನನ್ನ ಕಪ್ಪಿಗೆ ಏನ್ ತಿನ್ನಿಸಿದಿ? ಖರೇ ಹೇಳು!"

"ನಾ ಯಾಕ ತಿನ್ನಿಸ್ಲಿ ಯವ್ವಾ? ಅದರ ಬಾಯಿ ನೋಡು ಮೊದಲ."

ನೀಲವ್ವ ಬಗ್ಗಿ ನೋಡಿದಳು. ಕಪ್ಪೆಯ ತುಟಿಗೆ ಅರಿಸಿನ, ಕುಂಕುಮ, ಕಡುಬಿನ ಹೂರಣ ಮೆತ್ತಿತ್ತು. 'ಗಂಗವ್ವಾ, ಒಳಗ ಬರಬ್ಯಾಡ' ಎಂದು ಬೆಳಗ್ಗೆ ಮೋರಿಯ ಅಂಚಿಗೆ ಎಡೆ ಇಟ್ಟು ಕೈ ಮುಗಿದವಳು ಅವಳೇ.

ಹೊರಗೆ ಮಳೆ ಧೋ ಎಂದು ಸುರಿಯಿತು. ಕೊಳವೆಯೊಳಗೆ ಗುಳುಗುಳು ಸದ್ದಾಯಿತು.

ನೀಲವ್ವ ಕೊರಳಪಟ್ಟಿ ಬಿಟ್ಟಳು. "ಅಣ್ಣಾ, ಈ ಗಂಟು ಎತ್ತಾಕ ಒಂದ್ ಕೈ ಹಚ್ಚು."