ಅಸಲಿಯವಳ ಮಾತು

“ಸಂಜೆಯೊಳಗೆ ಮೂವರನ್ನೂ ಮುಗಿಸಿಬಿಡಿ ಮೇಡಂ,” ಎಂದರು ವಾರಪತ್ರಿಕೆಯ ಸಂಪಾದಕರು, ಫೋನಿನಲ್ಲಿ. “ಅಸಲಿಯವಳು ಒಬ್ಬಳೇ ಉಳೀಲಿ, ಅವಳು ಮಾತಾಡ್ಲಿ. ಇದೇ ಕೊನೇ ಕಂತು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಇಲ್ಲಿ ಯಾರ ಹತ್ರನಾದ್ರೂ ಬರೆಸ್ತೀನಿ.”

“ಆಗುತ್ತೆ,” ಎಂದಳು ಲೇಖಕಿ. ಗಂಟಲು ಕಟ್ಟಿತ್ತು. ಈಚೆಗೆ ಅದು ಕಟ್ಟದ ದಿನವೇ ಇರಲಿಲ್ಲ.

ಅವಳ ಧಾರಾವಾಹಿಯ ನಾಯಕಿಯ ಮೈಯೊಳಗೆ ಮೂವರು ಸಂಸಾರ ಹೂಡಿದ್ದರು: ತೊದಲುವ ಹುಡುಗಿ, ಸಿಡುಕಿನ ಟೀಚರು, ಕೆಮ್ಮುವ ಗಂಡಸು. ಓದುಗರು ಮುಗಿಬಿದ್ದು ಓದುತ್ತಿದ್ದರು. ಮೈಯ ಒಡತಿಯಾದ ಅಸಲಿ ಹೆಂಗಸು ಮಾತ್ರ ಇಷ್ಟು ಕಂತು ಕಳೆದರೂ ತುಟಿಪಿಟಕ್ ಎಂದಿರಲಿಲ್ಲ.

“ಇಂಥಾ ಪಾತ್ರ ಎಲ್ಲಿ ಸಿಗ್ತು ನಿಮಗೆ?” ಎಂದು ಸಂಪಾದಕರು ಹಿಂದೊಮ್ಮೆ ಕೇಳಿದ್ದರು.

“ಮನೇಲೇ.”

ಅವರು ಮತ್ತೆ ಕೆದಕಲಿಲ್ಲ. ಅವಳ ಮನೆಯಲ್ಲಿ ಹಾಸಿಗೆ ಹಿಡಿದ, ಮರೆವಿನ ತಾಯಿ ಇರುವುದು ಅವರಿಗೆ ಗೊತ್ತಿತ್ತು.

ಪಕ್ಕದ ಮನೆಯಾಕೆಗೂ ಗೊತ್ತಿತ್ತು. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಈಕೆಯ ಕಿವಿಗೆ ಗೋಡೆ ಲೆಕ್ಕಕ್ಕೇ ಇರಲಿಲ್ಲ. “ಬೆಳಗ್ಗೆ ಮಗು ಥರ ನಗು, ಮಧ್ಯಾಹ್ನ ಬೈಗುಳ, ಸಂಜೆಯಾದ್ರೆ ಗಂಡಸಿನ ದನಿ! ಆ ಕೋಣೇಲಿ ಒಬ್ಬರೇ ಎಷ್ಟು ಜನ ಆಗ್ತಾರಪ್ಪಾ! ಹೇಗೆ ತಡ್ಕೋತೀರೋ.”

“ರೂಢಿಯಾಗಿದೆ ಅಕ್ಕಾ.” ಬಿಡಿಸಿ ಹೇಳುವಷ್ಟು ತ್ರಾಣ ಲೇಖಕಿಗೆ ಇರಲಿಲ್ಲ.

ಹೊತ್ತು ಇಳಿಯುವ ತನಕ ಬರೆದಳು. ಹುಡುಗಿಯನ್ನು ಕಳಿಸಿದಳು. ಟೀಚರನ್ನು ಕಳಿಸಿದಳು. ಗಂಡಸು ಕೆಮ್ಮುತ್ತಲೇ ಹೋದ. ಇನ್ನು ಅಸಲಿಯವಳ ಸರದಿ. ಪೆನ್ನು ಅಲ್ಲೇ ನಿಂತಿತು. ಇವಳು ಹೇಗೆ ಮಾತಾಡುತ್ತಾಳೆ? ಬಿರುಸೋ, ಮೆದುವೋ? ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಅಳು ಬಂತು, ಅಳುವುದಕ್ಕೂ ಸುಸ್ತು.

“ರೀ, ಬಂದ್ರಾ?” ಒಳಗಿನಿಂದ ಅಮ್ಮ ಕೂಗಿದರು.

ಲೇಖಕಿ ಎದ್ದಳು. ಅಮ್ಮ ಕರೆದವರು ಬರಲೇಬೇಕು, ಬರದಿದ್ದರೆ ಅಮ್ಮನ ರೋದನ ನಿಲ್ಲುತ್ತಿರಲಿಲ್ಲ. ಕೋಣೆಯ ಹೊರಗೆ ಗೋಡೆಯ ಮೊಳೆಗಳಲ್ಲಿ ಎಲ್ಲವೂ ಸಿದ್ಧವಿತ್ತು: ಎಳವೆಯಲ್ಲೇ ತೀರಿಹೋದ ಚಿಕ್ಕಮ್ಮನ ರಿಬ್ಬನ್ನು, ಅಮ್ಮನ ಟೀಚರಿಗಿದ್ದಂಥ ದಪ್ಪ ಕನ್ನಡಕ, ಅಪ್ಪನ ಕೋಟು. ಅವಳು ಕೋಟು ತೊಟ್ಟಳು. ಕೆಮ್ಮಿದಳು. ದನಿ ದಪ್ಪ ಮಾಡಿಕೊಂಡು ಒಳಗೆ ಹೋದಳು.

“ಬಂದೆ ಕಣೇ.”

ಅಮ್ಮ ಅವಳ ಮುಖವನ್ನೇ ನೋಡಿದರು. ಬಹಳ ಕಾಲದ ಮೇಲೆ ಆ ಕಣ್ಣು ತಿಳಿಯಾಗಿತ್ತು.

“ಪುಟ್ಟೀ! ಅಪ್ಪನ ಕೋಟು ಯಾಕೆ ಹಾಕ್ಕೊಂಡಿದೀಯ? ಎಲ್ಲಿಗೆ ಹೋಗಿದ್ದೆ ಇಷ್ಟು ದಿನ? ಬಾ, ಏನಾದ್ರೂ ಮಾತಾಡು.”

ಪುಟ್ಟಿ ಬಾಯಿ ತೆರೆದಳು. ತೊದಲು ಬಂತು, ಸಿಡುಕು ಬಂತು, ಕೆಮ್ಮು ಬಂತು. ತನ್ನ ದನಿ ಮಾತ್ರ ಬರಲಿಲ್ಲ.